ಪ್ರಶ್ನೋತ್ತರ: ಡಿಸಬಿಲಿಟಿ ಚೆಕ್ ಬರುತ್ತಿರುವಾಗ ಪಾರ್ಟ್ ಟೈಮ್ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ (ಹೆಸರು ಬೇಡ ಎಂದಿರುವ ಸದಸ್ಯೆ):

ನಮಸ್ಕಾರ ಮೇಡಂ. ನನಗೆ 46 ವರ್ಷ. ಇಲ್ಲಿ ಅಮೆರಿಕಕ್ಕೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಬಹಳ ವರ್ಷ ದುಡಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆ ಬಂದು ಕೆಲಸ ಬಿಡಬೇಕಾಯಿತು. ಮೂರು ವರ್ಷದಿಂದ ಸೋಷಿಯಲ್ ಸೆಕ್ಯೂರಿಟಿಯ (ಇಲ್ಲಿನ ಸರ್ಕಾರದ ಪಿಂಚಣಿ ಇಲಾಖೆ) ಡಿಸಬಿಲಿಟಿ ಹಣ ಬರುತ್ತಿದೆ, ತಿಂಗಳಿಗೆ 1,840 ಡಾಲರ್. ಎರಡು ಸಲ ಆಗಲ್ಲ ಅನ್ನಿಸಿಕೊಂಡು ಮೂರನೇ ಸಲಕ್ಕೆ ಸಿಕ್ಕಿದ್ದು.

ಈಗ ಮೈ ಸ್ವಲ್ಪ ಹಿಡಿತಕ್ಕೆ ಬಂದಿದೆ. ಹತ್ತಿರದ ಲೈಬ್ರರಿಯಲ್ಲಿ ವಾರಕ್ಕೆ 15 ಗಂಟೆ ಕೆಲಸ ಇದೆ, ಗಂಟೆಗೆ 18 ಡಾಲರ್, ಕೂತು ಮಾಡುವಂಥದ್ದು. ನಮ್ಮನೆಯವರು ಬೇಡವೇ ಬೇಡ ಅಂತಾರೆ. ಒಂದು ಡಾಲರ್ ದುಡಿದರೂ ಚೆಕ್ ನಿಲ್ಲುತ್ತೆ, ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಹೋಗುತ್ತೆ, ಆಮೇಲೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕು ಅಂತ ಅವರ ವಾದ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು ಹೋಗಿದೆ ಮೇಡಂ. ಹೋಗಲಾ, ಬಿಡಲಾ?

ಉತ್ತರ (ಬೆನಿಫಿಟ್ಸ್ ಕೌನ್ಸೆಲರ್):

ಹೋಗಿ. ಆದರೆ ಹೋಗುವ ಮುಂಚೆ ಲೆಕ್ಕ ಗೊತ್ತಿರಲಿ.

ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ನಿಮಗೆ ಬರುತ್ತಿರುವುದು ಎಸ್‌ಎಸ್‌ಡಿಐ ಆ, ಎಸ್‌ಎಸ್‌ಐ ಆ? ಹೆಸರು ಒಂದೇ ಥರ ಕೇಳುತ್ತವೆ, ಕೊಡುವವರೂ ಒಬ್ಬರೇ, ನಿಯಮ ಮಾತ್ರ ಪೂರ್ತಿ ಬೇರೆ. ಎಸ್‌ಎಸ್‌ಡಿಐ ನೀವು ದುಡಿದಾಗ ಸಂಬಳದಲ್ಲಿ ಕಟ್ಟಿದ ಸೋಷಿಯಲ್ ಸೆಕ್ಯೂರಿಟಿ ತೆರಿಗೆಯ ಮೇಲೆ ಬರುವುದು. ಎಸ್‌ಎಸ್‌ಐ ಕೈಯಲ್ಲಿ ಏನೂ ಇಲ್ಲದವರಿಗೆ ಕೊಡುವುದು. ಒಂದರ ಬಗ್ಗೆ ಕೇಳಿದ ಮಾತನ್ನು ಇನ್ನೊಂದಕ್ಕೆ ಹಚ್ಚಿಕೊಂಡು ಹೆದರಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. 2025ರಲ್ಲಿ (ಇಲ್ಲಿ ಹೇಳುವ ಲೆಕ್ಕವೆಲ್ಲ ಆ ವರ್ಷದ್ದು) ಒಬ್ಬರಿಗೆ ಸಿಗುತ್ತಿದ್ದ ಫೆಡರಲ್ ಎಸ್‌ಎಸ್‌ಐ ತಿಂಗಳಿಗೆ ಹೆಚ್ಚೆಂದರೆ 967 ಡಾಲರ್. ನಿಮಗೆ 1,840 ಬರುತ್ತಿದೆ ಅಂದರೆ ಅದು ಎಸ್‌ಎಸ್‌ಡಿಐ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೂ ಗೊತ್ತಾಗುತ್ತದೆ. ಎಸ್‌ಎಸ್‌ಐ ಒಂದನೇ ತಾರೀಖಿಗೆ ಬೀಳುತ್ತದೆ. ನಿಮ್ಮಂತೆ ಈಚೆಗೆ ಶುರುವಾದವರ ಎಸ್‌ಎಸ್‌ಡಿಐ ಸಾಮಾನ್ಯವಾಗಿ ತಿಂಗಳ ಎರಡನೇ, ಮೂರನೇ ಅಥವಾ ನಾಲ್ಕನೇ ಬುಧವಾರ ಬರುತ್ತದೆ, ಹುಟ್ಟಿದ ತಾರೀಖಿನ ಮೇಲೆ.

ಎಸ್‌ಎಸ್‌ಡಿಐ ಇರುವವರಿಗೆ ಟ್ರಯಲ್ ವರ್ಕ್ ಪೀರಿಯಡ್ ಅಂತ ಒಂದಿದೆ. ಒಂಬತ್ತು ತಿಂಗಳು ಕೆಲಸ ಮಾಡಿ ನೋಡಿ, ಎಷ್ಟೇ ದುಡಿಯಿರಿ, ಚೆಕ್ ಪೂರ್ತಿ ಕೊಡುತ್ತೇವೆ ಅನ್ನುವುದು ಅದರ ಅರ್ಥ. ಒಂಬತ್ತೂ ಒಂದರ ಹಿಂದೆ ಒಂದು ಬರಬೇಕಿಲ್ಲ. 60 ತಿಂಗಳ ಕಿಟಕಿಯೊಳಗೆ ಅಲ್ಲೊಂದು ಇಲ್ಲೊಂದು ಬಂದರೂ ಎಣಿಸುತ್ತಾರೆ. 2025ರಲ್ಲಿ 1,160 ಡಾಲರ್ ಮೀರಿ ದುಡಿದ ತಿಂಗಳು ಮಾತ್ರ ಎಣಿಕೆಗೆ ಸೇರುತ್ತಿತ್ತು. ಅದು ತೆರಿಗೆ ಕಳೆಯುವ ಮುಂಚಿನ ಸಂಬಳ. ಕೈಗೆ ಬಂದದ್ದನ್ನು ನೋಡಿ ಸಮಾಧಾನ ಪಡಬೇಡಿ.

ಈಗ ನಿಮ್ಮ ಲೈಬ್ರರಿ ಲೆಕ್ಕ. ವಾರಕ್ಕೆ 15 ಗಂಟೆ, 18 ಡಾಲರ್, ಅಂದರೆ 270. ನಾಲ್ಕು ವಾರಕ್ಕೆ 1,080. ಗೆರೆಯ ಕೆಳಗೇ ಇದ್ದೀರಿ, ಆ ತಿಂಗಳು ಎಣಿಕೆಗೆ ಇಲ್ಲ. ಆದರೆ ಐದು ವಾರದ ಸಂಬಳ ಬೀಳುವ ತಿಂಗಳು? 1,350. ಅದು ಎಣಿಕೆಗೆ ಸೇರಿತು! ಜನ ಎಡವುವುದು ಇಲ್ಲೇ. ನಾನು ಯಾವಾಗಲೂ 1,160ರ ಒಳಗೇ ಇದ್ದೆ ಅಂತಾರೆ. ಪೇ ಸ್ಟಬ್ ತೆಗೆದು ನೋಡಿದರೆ ವರ್ಷಕ್ಕೆ ನಾಲ್ಕು ತಿಂಗಳು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಹಾಗೇ ಹೋದರೆ ಎರಡು ವರ್ಷ ಚಿಲ್ಲರೆಯಲ್ಲಿ ನಿಮ್ಮ ಒಂಬತ್ತು ಮುಗಿಯುತ್ತದೆ.

ಮುಗಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆಮೇಲೆ 36 ತಿಂಗಳ ಇನ್ನೊಂದು ಅವಧಿ ಶುರುವಾಗುತ್ತದೆ. ಆಗ ನೋಡುವ ಗೆರೆ ಬೇರೆ, ಅದಕ್ಕೆ ಎಸ್‌ಜಿಎ ಅಂತಾರೆ. 2025ರಲ್ಲಿ 1,620 ಡಾಲರ್, ಕಣ್ಣು ಕಾಣದವರಿಗೆ 2,700. ಅದರ ಕೆಳಗೆ ದುಡಿದ ತಿಂಗಳು ಚೆಕ್ ಪೂರ್ತಿ ಬರುತ್ತದೆ. ಮೀರಿದ ತಿಂಗಳು ಏನೂ ಇಲ್ಲ. ಮೊದಲ ಸಲ ಮೀರಿದಾಗ ಮಾತ್ರ ಆ ತಿಂಗಳು ಮತ್ತು ಮುಂದಿನ ಎರಡು ತಿಂಗಳು ಕೊಟ್ಟು ಆಮೇಲೆ ನಿಲ್ಲಿಸುತ್ತಾರೆ. ನೀವು ವಾರಕ್ಕೆ 15 ಗಂಟೆಯಲ್ಲೇ ಇದ್ದರೆ ಐದು ವಾರದ ತಿಂಗಳಲ್ಲೂ 1,350, ಅಂದರೆ 1,620 ಮುಟ್ಟುವುದೇ ಇಲ್ಲ. ನಿಮ್ಮ ಮನೆಯವರು ಹೇಳಿದ ಒಂದು ಡಾಲರ್ ಭಯಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗವೇ ಇಲ್ಲ.

ಆದರೆ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಒಂದು ಡಾಲರ್‌ಗೆ ಚೆಕ್ ಹೋಗುವ ಜಾಗ ಒಂದಿದೆ. ನೀವು ಸೇರಿ ಆರು ತಿಂಗಳಾಗಿರುತ್ತದೆ, ಯಾರೋ ರಜೆ ಹಾಕುತ್ತಾರೆ, ಮ್ಯಾನೇಜರ್ ಬಂದು "ವಾರಕ್ಕೆ 22 ಗಂಟೆ ಮಾಡ್ತೀರಾ?" ಅಂತಾರೆ. ಒಳ್ಳೆಯವರು ಕೇಳಿದಾಗ ನಮ್ಮವರ ಬಾಯಲ್ಲಿ ಇಲ್ಲ ಅನ್ನುವ ಮಾತೇ ಬರುವುದಿಲ್ಲ, ಅಲ್ವಾ? 22 ಗಂಟೆ ಅಂದರೆ ವಾರಕ್ಕೆ 396, ತಿಂಗಳಿಗೆ ಸರಾಸರಿ 1,716. ಒಂಬತ್ತು ತಿಂಗಳು ಮುಗಿದ ಮೇಲೆ ಹೀಗಾದರೆ 1,716 ದುಡಿಯಲು ಹೋಗಿ 1,840 ಕಳೆದುಕೊಂಡ ಹಾಗೆ. ಅದಕ್ಕೇ ನಾನು ಹೇಳುವುದು, ಇದ್ದರೆ ಗೆರೆಯಿಂದ ಚೆನ್ನಾಗಿ ಕೆಳಗಿರಿ, ಇಲ್ಲವೇ ಆರೋಗ್ಯ ಒಪ್ಪಿದರೆ ಚೆನ್ನಾಗಿ ಮೇಲೆ ಹೋಗಿ. ಗೆರೆಯ ಮೇಲೇ ಕೂರಬೇಡಿ.

ಇಲ್ಲೊಂದು ಉಪಾಯ ಇದೆ, ಕಾನೂನಿನೊಳಗಿನದ್ದೇ. ಕಾಯಿಲೆಯ ಕಾರಣಕ್ಕೆ, ಕೆಲಸ ಮಾಡುವುದಕ್ಕೆ ಬೇಕಾಗಿ ನೀವು ಕೈಯಿಂದ ಖರ್ಚು ಮಾಡಿದ್ದನ್ನು ಎಸ್‌ಜಿಎ ಲೆಕ್ಕದಲ್ಲಿ ಸಂಬಳದಿಂದ ಕಳೆಯುತ್ತಾರೆ. ಔಷಧಿಯ ಕೋ-ಪೇ, ಕಾಲಿನ ಬಲ ಇಲ್ಲದೆ ಡ್ರೈವ್ ಮಾಡಲಾಗದೆ ಕೊಟ್ಟ ಕ್ಯಾಬ್ ಹಣ, ಇಂಥವು. ಇನ್ಶೂರೆನ್ಸ್ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಆ 1,716ರಲ್ಲಿ 150 ಡಾಲರ್ ಇಂಥ ಖರ್ಚು ತೋರಿಸಿದರೆ 1,566, ಗೆರೆಯ ಕೆಳಗೆ ಬಂದಿರಿ. ರಸೀದಿ ಮಾತ್ರ ಬೇಕೇ ಬೇಕು. ಒಂದು ಶೂ ಡಬ್ಬ ಇಟ್ಟುಕೊಂಡು ಅದರೊಳಗೆ ಹಾಕುತ್ತಾ ಹೋಗಿ, ಸಾಕು. ಈ ಕಡಿತ ಎಸ್‌ಜಿಎಗೆ ಮಾತ್ರ, ಮೊದಲು ಹೇಳಿದ 1,160ರ ಎಣಿಕೆಗೆ ಇಲ್ಲ.

ಮೆಡಿಕೇರ್ ವಿಷಯ. ಚೆಕ್ ನಿಂತರೂ ಮೆಡಿಕೇರ್ ತಕ್ಷಣ ಹೋಗುವುದಿಲ್ಲ. ಟ್ರಯಲ್ ವರ್ಕ್ ಮುಗಿದ ಮೇಲೆ ಕಡಿಮೆ ಅಂದರೂ 93 ತಿಂಗಳು, ಅಂದರೆ ಏಳೂಮುಕ್ಕಾಲು ವರ್ಷ ಇರುತ್ತದೆ. ಅದರಲ್ಲಿ ಡಾಕ್ಟರ್ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿಯ ಪ್ರೀಮಿಯಂ ಮಾತ್ರ ಚೆಕ್‌ನಲ್ಲಿ ಕಡಿತ ಆಗುತ್ತಿದ್ದದ್ದನ್ನು ಆಗ ನೀವೇ ಕಟ್ಟಬೇಕು. ಮತ್ತೆ ಮೊದಲಿಂದ ಅರ್ಜಿ ಅನ್ನುವುದೂ ಹಾಗೇ. ದುಡಿಮೆಯ ಕಾರಣಕ್ಕೆ ಬೆನಿಫಿಟ್ ಪೂರ್ತಿ ಮುಗಿದು, ಐದು ವರ್ಷದೊಳಗೆ ಅದೇ ಕಾಯಿಲೆ ಮತ್ತೆ ಮಲಗಿಸಿದರೆ, ಹೊಸ ಅರ್ಜಿ ಇಲ್ಲದೆ ಮತ್ತೆ ಶುರು ಮಾಡಿ ಅಂತ ಕೇಳಬಹುದು. ಅವರು ತೀರ್ಮಾನಿಸುವವರೆಗೆ ಆರು ತಿಂಗಳವರೆಗೆ ತಾತ್ಕಾಲಿಕವಾಗಿ ಹಣವನ್ನೂ ಕೊಡುತ್ತಾರೆ.

ಕೆಲಸಕ್ಕೆ ಸೇರಿದ ವಾರವೇ ಸೋಷಿಯಲ್ ಸೆಕ್ಯೂರಿಟಿಗೆ ತಿಳಿಸಿ. ಫೋನ್‌ನಲ್ಲಿ ಹೇಳಿದರೂ ಸರಿ, ಆಫೀಸಿಗೆ ಹೋದರೂ ಸರಿ, ರಸೀದಿ ಕೇಳಿ ಪಡೆಯಿರಿ. ಗಂಟೆ ಬದಲಾದರೆ, ಸಂಬಳ ಏರಿದರೆ ಮತ್ತೆ ತಿಳಿಸಿ. ಸೇರುವ ಮುಂಚೆ ಬಿಪಿಕ್ಯೂವೈ ಅನ್ನುವ ಕಾಗದ ಬೇಕು ಅಂತ ಕೇಳಿ. ನಿಮ್ಮ ಒಂಬತ್ತರಲ್ಲಿ ಎಷ್ಟು ತಿಂಗಳು ಖರ್ಚಾಗಿದೆ ಅಂತ ಅದರಲ್ಲಿ ಇರುತ್ತದೆ.

ಅದೇ ಸದಸ್ಯೆ:

ಮೇಡಂ, ಓದುತ್ತಾ ಕಣ್ಣಲ್ಲಿ ನೀರು ಬಂತು. ಇನ್ನೊಂದು ಭಯ ಇದೆ. ಕೆಲಸಕ್ಕೆ ಹೋದರೆ "ಇವಳು ಹುಷಾರಾಗಿದ್ದಾಳೆ" ಅಂತ ಮತ್ತೆ ಡಾಕ್ಟರ್ ರಿಪೋರ್ಟ್ ಎಲ್ಲಾ ಕೆದಕುತ್ತಾರಾ? ಯಜಮಾನರ ಸಂಬಳ ಚೆನ್ನಾಗಿದೆ, ಅದು ತೊಂದರೆ ಮಾಡುತ್ತಾ?

ಉತ್ತರ:

ನೀವು ಎರಡು ವರ್ಷಕ್ಕಿಂತ ಜಾಸ್ತಿ ಬೆನಿಫಿಟ್ ಪಡೆದಿದ್ದೀರಿ. ಅಂಥವರಿಗೆ ಕೆಲಸಕ್ಕೆ ಹೋದರು ಅನ್ನುವ ಒಂದೇ ಕಾರಣಕ್ಕೆ ಮೆಡಿಕಲ್ ರಿವ್ಯೂ ಶುರು ಮಾಡುವಂತಿಲ್ಲ. ಮಾಮೂಲಿ ವಾಯಿದೆಗೆ ಬರುವ ರಿವ್ಯೂ ಬರುತ್ತದೆ, ಅದು ಮನೆಯಲ್ಲಿ ಕೂತಿದ್ದರೂ ಬರುತ್ತದೆ. ಟಿಕೆಟ್ ಟು ವರ್ಕ್ ಅನ್ನುವ ಯೋಜನೆಗೆ ಸೇರಿ, ಅವರು ಹಾಕಿಕೊಟ್ಟ ಗುರಿಯಂತೆ ಮುಂದುವರಿಯುತ್ತಿದ್ದರೆ ಆ ರಿವ್ಯೂವನ್ನೂ ತಡೆಹಿಡಿಯುತ್ತಾರೆ. 1999ರ ಕಾನೂನಿನಿಂದ ಬಂದದ್ದು, ದುಡ್ಡು ಕೊಡಬೇಕಿಲ್ಲ. ಅವರ ಸಹಾಯವಾಣಿ 1-866-968-7842.

ಯಜಮಾನರ ಸಂಬಳ, ಮನೆ, ಉಳಿತಾಯ ಯಾವುದೂ ಎಸ್‌ಎಸ್‌ಡಿಐಗೆ ಅಡ್ಡ ಬರುವುದಿಲ್ಲ. ತೆರಿಗೆ ಕಟ್ಟುವಾಗ ಮಾತ್ರ ಚೆಕ್‌ನ ಒಂದು ಭಾಗ ಆದಾಯಕ್ಕೆ ಸೇರುತ್ತದೆ. ಅದು ನಿಮ್ಮ ಸಿಪಿಎಗೆ ಗೊತ್ತಿರುತ್ತದೆ. ಹಳೆಯ ಕಂಪನಿಯಿಂದ ಪ್ರೈವೇಟ್ ಡಿಸಬಿಲಿಟಿ ಇನ್ಶೂರೆನ್ಸ್ ಬರುತ್ತಿದ್ದರೆ ಆ ಪಾಲಿಸಿ ತೆಗೆದು ಓದಿ. ಅದಕ್ಕೆ ಈ ನಿಯಮ ಯಾವುದೂ ಅನ್ವಯಿಸುವುದಿಲ್ಲ, ಅವರದ್ದೇ ಷರತ್ತು ಇರುತ್ತದೆ.

ಪ್ರಶ್ನೆ (ಒಬ್ಬ ತಂದೆ):

ಸೇಮ್ ಪ್ರಶ್ನೆ, ಬೇರೆ ಕಥೆ ಮೇಡಂ. ಮಗನಿಗೆ 20 ವರ್ಷ, ಆಟಿಸಂ. ಎಸ್‌ಎಸ್‌ಐ ಬರುತ್ತಿದೆ. ಸ್ಕೂಲಿನ ಟ್ರಾನ್ಸಿಷನ್ ಪ್ರೋಗ್ರಾಂನಲ್ಲಿ ಇದ್ದಾನೆ. ಗ್ರೋಸರಿ ಅಂಗಡಿಯಲ್ಲಿ ಬ್ಯಾಗಿಂಗ್ ಕೆಲಸ ಕೊಟ್ಟಿದ್ದಾರೆ. ಏಪ್ರನ್ ಹಾಕಿಕೊಂಡು ಕನ್ನಡಿ ಮುಂದೆ ನಿಂತವನು ಅರ್ಧ ಗಂಟೆ ಕದಲಲಿಲ್ಲ. ತಿಂಗಳಿಗೆ ಸುಮಾರು 685 ಡಾಲರ್ ಬರಬಹುದು. ಅವನಿಗೂ ಆ ಒಂಬತ್ತು ತಿಂಗಳ ಅವಕಾಶ ಇದೆಯಾ?

ಉತ್ತರ:

ಇಲ್ಲ ಸರ್, ಒಂಬತ್ತು ತಿಂಗಳ ಮಾತು ಎಸ್‌ಎಸ್‌ಐಗೆ ಇಲ್ಲ. ಅದರ ಬದಲು ದುಡಿದಷ್ಟಕ್ಕೆ ತಕ್ಕ ಹಾಗೆ ಚೆಕ್ ಇಳಿಯುತ್ತದೆ. ನನ್ನನ್ನು ಕೇಳಿದರೆ ಇದೇ ವಾಸಿ, ಇದರಲ್ಲಿ ಪ್ರಪಾತ ಇಲ್ಲ, ಇಳಿಜಾರು ಅಷ್ಟೇ. ಬೇರೆ ಆದಾಯ ಇಲ್ಲದಿದ್ದರೆ ಸಂಬಳದಲ್ಲಿ ಮೊದಲು 85 ಡಾಲರ್ ಬಿಡುತ್ತಾರೆ. ಉಳಿದದ್ದರಲ್ಲಿ ಅರ್ಧ ಬಿಡುತ್ತಾರೆ. 685ರಲ್ಲಿ 85 ಹೋದರೆ 600, ಅದರ ಅರ್ಧ 300. ಅವನ ಎಸ್‌ಎಸ್‌ಐ 300 ಕಡಿಮೆಯಾಗುತ್ತದೆ, ಸಂಬಳ 685 ಬರುತ್ತದೆ, ಒಟ್ಟಿನಲ್ಲಿ ಕೈಗೆ 385 ಹೆಚ್ಚಾಗುತ್ತದೆ.

ಆದರೆ ಅವನು 22 ತುಂಬದ ವಿದ್ಯಾರ್ಥಿ. ಅಂಥವರಿಗೆ 2025ರಲ್ಲಿ ತಿಂಗಳಿಗೆ 2,350 ಡಾಲರ್‌ವರೆಗೆ, ವರ್ಷಕ್ಕೆ 9,460ರವರೆಗೆ ಸಂಬಳವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಂದರೆ ಈಗ ಆ 300 ಕೂಡ ಕಡಿಮೆ ಆಗುವುದಿಲ್ಲ. ಇದನ್ನು ನೀವೇ ಬಾಯಿಬಿಟ್ಟು ಕೇಳಿ, ಸ್ಕೂಲಿನಿಂದ ಕಾಗದ ಕೊಡಿ. ಸಂಬಳದ ವಿವರ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಪ್ರತಿ ತಿಂಗಳೂ ತಲುಪಬೇಕು.

ಸಂಬಳಕ್ಕಿಂತ ನಿಮ್ಮಂಥವರ ಮನೆಯಲ್ಲಿ ತೊಂದರೆ ಕೊಡುವುದು ಬೇರೆ ಎರಡು. ಒಂದು, ಅವನ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇರಬಾರದು. ಸಂಬಳ ಖರ್ಚು ಮಾಡದೆ ಅಕೌಂಟಿನಲ್ಲಿ ಕೂಡಿಬಿಟ್ಟರೆ ಮೂರ‍್ನಾಲ್ಕು ತಿಂಗಳಲ್ಲೇ ದಾಟಿಬಿಡುತ್ತದೆ. ಊರಲ್ಲಿ ತಾತ ಮೊಮ್ಮಗನ ಹೆಸರಿಗೆ ಪ್ರೀತಿಯಿಂದ ಇಟ್ಟ ಎಫ್‌ಡಿ ಇದೆಯಾ, ವಿಚಾರಿಸಿ. ಅದೂ ಅವನದ್ದೇ ಆಸ್ತಿ, ಇಂಡಿಯಾದಲ್ಲಿದೆ ಅಂದ ಮಾತ್ರಕ್ಕೆ ಲೆಕ್ಕದಿಂದ ಹೊರಗಲ್ಲ. ಉಳಿಸಬೇಕು ಅಂದರೆ ಡಿಸಬಿಲಿಟಿ ಇರುವವರಿಗೆಂದೇ ಇರುವ ಏಬಲ್ ಅಕೌಂಟ್ ಅನ್ನುವ ಉಳಿತಾಯ ಖಾತೆ ತೆರೆಯಿರಿ, ಅದರಲ್ಲಿ 1,00,000 ಡಾಲರ್‌ವರೆಗೆ ಎಸ್‌ಎಸ್‌ಐ ಕಣ್ಣು ಹಾಕುವುದಿಲ್ಲ.

ಎರಡನೆಯದು ಬೇಸಿಗೆ ರಜೆ. ಮಗನನ್ನು ಕರೆದುಕೊಂಡು ಊರಿಗೆ ಎರಡು ತಿಂಗಳು ಹೋಗುತ್ತೀರಿ. 30 ದಿನ ಅಥವಾ ಅದಕ್ಕಿಂತ ಜಾಸ್ತಿ ದೇಶದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ವಾಪಸ್ ಬಂದು ಸತತ 30 ದಿನ ಇಲ್ಲೇ ಇದ್ದ ಮೇಲೆ ಮತ್ತೆ ಶುರು. ಹೋಗಬೇಡಿ ಅನ್ನುತ್ತಿಲ್ಲ, ಹೇಳಿ ಹೋಗಿ.

ಮುಂದೆ ಯಾವತ್ತಾದರೂ ನೀವು ರಿಟೈರ್ ಆದಾಗ, ನಿಮ್ಮ ಸೋಷಿಯಲ್ ಸೆಕ್ಯೂರಿಟಿ ದಾಖಲೆಯ ಮೇಲೆ ಅವನಿಗೂ ಬೆನಿಫಿಟ್ ಬರಬಹುದು, 22ರೊಳಗೆ ಶುರುವಾದ ಡಿಸಬಿಲಿಟಿ ಅಂತ. ಆ ಹೊತ್ತಿಗೆ ಅವನು ವರ್ಷಗಟ್ಟಲೆ ಎಸ್‌ಜಿಎ ಮೀರಿ ದುಡಿದಿದ್ದರೆ ತೊಡಕಾಗಬಹುದು. ಗಂಟೆ ಜಾಸ್ತಿ ಮಾಡುವ ಮುಂಚೆ ಒಮ್ಮೆ ಯಾರಾದರೂ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):

ಕೆಲಸದ ವಿಷಯ ತಿಳಿಸಿ ಅಂತ ಮೇಡಂ ಹೇಳಿದ್ದು ನನಗೆ ನಾಲ್ಕು ವರ್ಷ ಮುಂಚೆ ಯಾರಾದರೂ ಹೇಳಬೇಕಿತ್ತು. ಸ್ಟ್ರೋಕ್ ಆದ ಮೇಲೆ ನನಗೆ ಎಸ್‌ಎಸ್‌ಡಿಐ ಇತ್ತು. ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳಲು ಸೇರಿದೆ. ಕಂಪನಿ ತೆರಿಗೆ ಕಟ್ಟುತ್ತಿದೆ, ಸರ್ಕಾರಕ್ಕೆ ಗೊತ್ತಾಗೇ ಗೊತ್ತಾಗುತ್ತೆ, ನಾನು ಬೇರೆ ಏಕೆ ಹೇಳಬೇಕು ಅಂದುಕೊಂಡೆ. ಚೆಕ್ ಬರುತ್ತಲೇ ಇತ್ತು. ಈಗ ಕಾಗದ ಬಂದಿದೆ, 8 ತಿಂಗಳ ಹಣ 12,800 ಡಾಲರ್ ವಾಪಸ್ ಕೊಡಿ ಅಂತ. ಎರಡು ರಾತ್ರಿ ನಿದ್ದೆ ಇಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ:

ಮೊದಲು ಮನೆಯಲ್ಲಿ ಹೇಳಿ ಸರ್. ಇದು ಬಹಳ ಜನಕ್ಕೆ ಬರುವ ಕಾಗದ, ಜೈಲಿನ ಮಾತಲ್ಲ.

ಕಾಗದದ ಮೇಲಿನ ತಾರೀಖು ನೋಡಿ. 30 ದಿನದೊಳಗೆ ಅಪೀಲು ಅಥವಾ ಮನ್ನಾ ಕೇಳಿದರೆ, ಅವರು ತೀರ್ಮಾನ ಕೊಡುವವರೆಗೆ ಚೆಕ್‌ನಿಂದ ಹಿಡಿಯಲು ಶುರು ಮಾಡುವುದಿಲ್ಲ. ಲೆಕ್ಕವೇ ತಪ್ಪು ಅನ್ನಿಸಿದರೆ 60 ದಿನದೊಳಗೆ ಎಸ್‌ಎಸ್‌ಎ-561 ಫಾರಂ. ಲೆಕ್ಕ ಸರಿ, ಆದರೆ ನನ್ನ ತಪ್ಪಿಲ್ಲ, ಕೊಡುವ ಶಕ್ತಿಯೂ ಇಲ್ಲ ಅನ್ನುವುದಾದರೆ ಎಸ್‌ಎಸ್‌ಎ-632, ಅದಕ್ಕೆ ಕೊನೆಯ ದಿನ ಇಲ್ಲ. ನೀವು ತಿಳಿಸಿರಲಿಲ್ಲವಾದ್ದರಿಂದ ಮನ್ನಾ ಕಷ್ಟ, ಸುಮ್ನೆ ಆಸೆ ಹುಟ್ಟಿಸಲಾರೆ. ಆಗ ಕಂತು ಕೇಳಿ.

ಆದರೆ 12,800 ಅನ್ನುವುದನ್ನು ಹಾಗೇ ಒಪ್ಪಿಕೊಳ್ಳುವ ಮುಂಚೆ ಆ ಎಂಟು ತಿಂಗಳನ್ನು ಒಂದೊಂದಾಗಿ ತೆಗೆದು ನೋಡಿ. ಅದರಲ್ಲಿ ಯಾವುದಾದರೂ ಟ್ರಯಲ್ ವರ್ಕ್ ತಿಂಗಳಾ? ಮೊದಲ ಸಲ ಮೀರಿದ ತಿಂಗಳು ಮತ್ತು ಮುಂದಿನ ಎರಡನ್ನು ಬಿಟ್ಟಿದ್ದಾರಾ? ಸಂಬಳ ಸಹಿತ ರಜೆಯ ಹಣ ಸೇರಿಕೊಂಡಿದೆಯಾ? ಅದು ದುಡಿಮೆ ಅಲ್ಲ, ಎಸ್‌ಜಿಎ ಲೆಕ್ಕದಲ್ಲಿ ಬಿಡಬೇಕು. ಬೇರೆಯವರಿಗಿಂತ ನಿಮಗೆ ಕೆಲಸ ಹಗುರ ಮಾಡಿಕೊಟ್ಟು ಪೂರ್ತಿ ಸಂಬಳ ಕೊಡುತ್ತಿದ್ದರಾ? ಹಾಗಿದ್ದರೆ ಆ ಹೆಚ್ಚಿನ ಭಾಗವನ್ನೂ ಕಳೆಯಬಹುದು, ಮ್ಯಾನೇಜರ್ ಬರೆದುಕೊಟ್ಟರೆ. ಸ್ಟ್ರೋಕ್ ಆದವರು, ಔಷಧಿ ಖರ್ಚು ಇದ್ದೇ ಇರುತ್ತದೆ. ಎಂಟರಲ್ಲಿ ಎರಡು ತಿಂಗಳು ಬಿದ್ದುಹೋದರೂ 3,200 ಡಾಲರ್ ಉಳಿಯಿತು.

ತೆರಿಗೆ ಲೆಕ್ಕ ಅವರಿಗೆ ಹೋಗುವುದು ನಿಜ, ಆದರೆ ಬಹಳ ತಡವಾಗಿ. ಅಷ್ಟು ದಿನ ಬಂದ ಚೆಕ್‌ಗಳು ನಿಮ್ಮ ತಲೆ ಮೇಲೆ ಸಾಲವಾಗಿ ಕೂರುತ್ತವೆ. ಈ ಗುಂಪಿನಲ್ಲಿ ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ಸರ್, ಓದಿದವರಲ್ಲಿ ನಾಲ್ಕು ಜನವಾದರೂ ನಾಳೆ ಫೋನ್ ಮಾಡುತ್ತಾರೆ.

ಪ್ರಶ್ನೆ (ಸಂಗೀತ ಹೇಳಿಕೊಡುವ ಸದಸ್ಯೆ):

ಅಕ್ಕ, ನಾನು ಆನ್‌ಲೈನ್‌ನಲ್ಲಿ ವೀಣೆ ಪಾಠ ಮಾಡುತ್ತೇನೆ, ಎಸ್‌ಎಸ್‌ಡಿಐ ಇದೆ. ತಿಂಗಳಿಗೆ 500 ಡಾಲರ್ ಉಳಿಯಬಹುದು. ಬೆಂಗಳೂರಿನ ಮನೆಯಿಂದ ಬಾಡಿಗೆಯೂ ಬರುತ್ತದೆ.

ಉತ್ತರ:

ಬಾಡಿಗೆ ದುಡಿಮೆಯಲ್ಲ, ಎಸ್‌ಎಸ್‌ಡಿಐಗೆ ಸಂಬಂಧ ಇಲ್ಲ. ತೆರಿಗೆಯಲ್ಲಿ ಮಾತ್ರ ತೋರಿಸಬೇಕು. ಎಸ್‌ಎಸ್‌ಐ ಆಗಿದ್ದರೆ ಬಾಡಿಗೆ, ಮನೆ ಎರಡೂ ತೊಂದರೆ ಕೊಡುತ್ತಿದ್ದವು.

ಪಾಠದ ವಿಷಯದಲ್ಲಿ ಜೋಪಾನ. ಸ್ವಂತ ದುಡಿಮೆಗೆ ಹಣ ಮಾತ್ರ ನೋಡುವುದಿಲ್ಲ, ಗಂಟೆಯನ್ನೂ ನೋಡುತ್ತಾರೆ. 500 ಡಾಲರ್ ಉಳಿದರೂ ತಿಂಗಳಿಗೆ 80 ಗಂಟೆ ಮೀರಿದರೆ ಅದು ಟ್ರಯಲ್ ವರ್ಕ್ ತಿಂಗಳು. ಪಾಠದ ಗಂಟೆ ಜತೆಗೆ ಪೋಷಕರಿಗೆ ಫೋನ್ ಮಾಡುವುದು, ರೆಕಾರ್ಡಿಂಗ್ ಕಳಿಸುವುದು, ಫೀಸ್ ಲೆಕ್ಕ ಬರೆಯುವುದು ಎಲ್ಲ ಸೇರಿಸಿ. ಒಂದು ಡೈರಿ ಇಡಿ, ದಿನಕ್ಕೆ ಒಂದು ಸಾಲು ಸಾಕು. ನಿಮ್ಮ ತಾಳದ ಲೆಕ್ಕ ಇಟ್ಟವರಿಗೆ ಇದೇನು ಕಷ್ಟ!

ಮೊದಲ ಪ್ರಶ್ನೆಯ ಸದಸ್ಯೆ (ಮೂರು ವಾರದ ನಂತರ):

ಮೇಡಂ, ಬಿಪಿಕ್ಯೂವೈ ಬಂತು. ಒಂಬತ್ತರಲ್ಲಿ 2 ತಿಂಗಳು ಈಗಾಗಲೇ ಖರ್ಚಾಗಿದೆ ಅಂತ ಇದೆ. ನಾನು ಕೆಲಸವೇ ಮಾಡಿಲ್ಲವಲ್ಲ ಅಂತ ಗಾಬರಿಯಾದೆ. ಆಮೇಲೆ ನಮ್ಮನೆಯವರೇ ನೆನಪಿಸಿದರು. 2023ರಲ್ಲಿ ಟ್ಯಾಕ್ಸ್ ಸೀಸನ್‌ನಲ್ಲಿ ಪರಿಚಯದವರ ಆಫೀಸಿಗೆ ಎರಡು ತಿಂಗಳು ಹೋಗಿದ್ದೆ, ಆಗದೆ ಬಿಟ್ಟೆ.

ಉತ್ತರ:

ಅದೇ ಇರಬೇಕು. ಆ ವರ್ಷ ಗೆರೆ 1,050 ಡಾಲರ್ ಇತ್ತು. ಈ ಗೆರೆಗಳು ಪ್ರತಿ ಜನವರಿಗೆ ಬದಲಾಗುತ್ತವೆ, ಹೊಸ ವರ್ಷಕ್ಕೆ ಒಮ್ಮೆ ನೋಡಿಕೊಳ್ಳಿ. ಹಾಗಾದರೆ ಈಗ ಏಳು ಉಳಿದಿವೆ. ಕೆಲಸಕ್ಕೆ ಸೇರುವ ವಿಷಯ ತಿಳಿಸಿದಿರಾ?

ಸದಸ್ಯೆ:

ತಿಳಿಸಿದೆ, ರಸೀದಿ ಶೂ ಡಬ್ಬದಲ್ಲಿದೆ. ಐದು ಶುಕ್ರವಾರ ಇರುವ ತಿಂಗಳುಗಳಿಗೆಲ್ಲ ನಮ್ಮನೆಯವರು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ಸೋಮವಾರ ಬೆಳಿಗ್ಗೆ 10ಕ್ಕೆ ಬನ್ನಿ ಅಂದಿದ್ದಾರೆ.